ಹೇಳಿದಷ್ಟೇ ಬರೆಯಬೇಕು

ಏಪ್ರಿಲ್ 9, 2001, ಸೋಮವಾರ

ದಿನಕ್ಕೊಂದು ಪುಟ ಬರೆಯಬೇಕಂತೆ. ಕೈಗೆ ವೇಗ ಬರಲಿ ಎಂದು ಶ್ವೇತಕ್ಕ ಈ ಡೈರಿ ಕೊಟ್ಟಿದ್ದಾಳೆ. ಏನು ಬರೆಯಲಿ ಎಂದು ಕೇಳಿದೆ. ಏನಾದರೂ ಬರಿ, ನಾನೇನೂ ಓದುವುದಿಲ್ಲ ಎಂದಳು. ಓದುವವರಿಲ್ಲದ ಮೇಲೆ ಸುಳ್ಳು ಬರೆಯುವ ಕಷ್ಟವೂ ಇಲ್ಲ.

ಶ್ವೇತಕ್ಕ ನಮ್ಮ ಓನರ್ ರಾಮಾಂಜಿನಪ್ಪನವರ ಮಗಳು. ಗರುಡಾಚಾರ್‌ಪಾಳ್ಯದಲ್ಲಿ ಅವರ ಮನೆಯ ಹಿಂದೆ ಸಾಲಾಗಿ ಒಂಬತ್ತು ರೂಮುಗಳಿವೆ, ಐದನೆಯದು ನಮ್ಮದು. ಮೊದಲು ಆ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದರು, ಈಗ ನಮ್ಮಂಥ ರಾಯಚೂರಿನವರನ್ನು ಬೆಳೆಯುತ್ತಾರೆ. ಶ್ವೇತಕ್ಕ ಬಿ.ಎಸ್ಸಿ. ಎಲ್ಲ ಮುಗಿಸಿದ್ದಾಳೆ, ಕ್ಯಾಲ್ಕುಲಸ್ ಎಂಬ ಒಂದು ಪೇಪರನ್ನು ಬಿಟ್ಟು. ಅದರಲ್ಲಿ ಎರಡು ಸಲ ಫೇಲಾಗಿದ್ದಾಳೆ. ಮೂರನೆಯ ಸಲ ಮೇ ಹದಿನಾಲ್ಕಕ್ಕೆ. ಪಾಸಾದರೆ ಬಿ.ಎಡ್. ಸೇರಿಸುತ್ತೇನೆ, ಇಲ್ಲವಾದರೆ ಶ್ರಾವಣದಲ್ಲಿ ಮದುವೆ ಎಂದು ಅವರಪ್ಪ ಹೇಳಿಬಿಟ್ಟಿದ್ದಾರೆ. ಗಂಡು ಹೊರಗಿನವನಲ್ಲ, ಅವಳ ಸೋದರಮಾವ ಶ್ರೀನಿವಾಸ್. ಒಳ್ಳೆಯವರೇ. ಆದರೆ ನಾಮಕರಣದ ದಿನ ಅವಳ ತೊಟ್ಟಿಲು ತೂಗಿದವರು ಅವರೇ ಎನ್ನುವುದನ್ನು ಶ್ವೇತಕ್ಕನಿಗೆ ಮರೆಯಲಾಗುತ್ತಿಲ್ಲ.

ಇಂಥ ಹೊತ್ತಿನಲ್ಲಿ ಹೋದ ವಾರ ಕೆ.ಆರ್. ಪುರದಲ್ಲಿ ಕಟ್ಟುತ್ತಿರುವ ಹೊಸ ಸೇತುವೆಯ ಹತ್ತಿರ ಜಲ್ಲಿಯ ಮೇಲೆ ಗಾಡಿ ಜಾರಿಸಿಕೊಂಡು ಬಲಗೈ ಮುರಿದುಕೊಂಡಳು. ಬೆರಳ ತುದಿಯ ತನಕ ಪ್ಲಾಸ್ಟರ್. ಅವಳು ಹೇಳಬಹುದು, ಬೇರೊಬ್ಬರು ಬರೆಯಬಹುದು ಎಂದು ವಿಶ್ವವಿದ್ಯಾಲಯ ಅನುಮತಿ ಕೊಟ್ಟಿದೆ. ಒಂದೇ ಷರತ್ತು, ಬರೆಯುವವರಿಗೆ ಆ ವಿಷಯ ಗೊತ್ತಿರಕೂಡದು. ಪಾಳ್ಯದಲ್ಲೆಲ್ಲ ಹುಡುಕಿ ನನ್ನನ್ನು ಆರಿಸಿದರು. ಎಸ್ಸೆಸ್ಸೆಲ್ಸಿ, ಅದೂ ಕನ್ನಡ ಮಾಧ್ಯಮ, ಅಕ್ಷರ ದುಂಡಗೆ. ಒಂದು ಕೆಲಸಕ್ಕೆ ನನಗೆ ಪೂರ್ತಿ ಅರ್ಹತೆ ಇರುವುದು ಇದೇ ಮೊದಲು.

ಪುಟ ಇನ್ನೂ ಉಳಿದಿದೆ. ನನ್ನ ಹೆಸರು ಗಂಗಾ. ವಯಸ್ಸು ಹತ್ತೊಂಬತ್ತು. ಅಪ್ಪ ರಾಮಣ್ಣ ಗಾರೆ ಕೆಲಸ ಮಾಡುತ್ತಾರೆ. ಅವ್ವ ಹುಸೇನಮ್ಮ ಮೂರು ಮನೆಗಳಲ್ಲಿ ಪಾತ್ರೆ ತೊಳೆಯುತ್ತಾಳೆ. ಅಣ್ಣ ಭೀಮು ಫೆಬ್ರವರಿ ಆರರಂದು ಇಂದಿರಾನಗರದಲ್ಲಿ ಕಟ್ಟುತ್ತಿದ್ದ ಬಿಲ್ಡಿಂಗಿನಿಂದ ಬಿದ್ದು ಸತ್ತ. ನಾನು ಗಾರ್ಮೆಂಟ್ಸಿನಲ್ಲಿ ಚೆಕ್ಕರ್ ಆಗಿದ್ದೆ, ಹೊಲಿಗೆಯಲ್ಲಿ ತಪ್ಪು ಹುಡುಕುವ ಕೆಲಸ. ಆಮೇಲೆ ಹೋಗಲಿಲ್ಲ. ಬೆಳಿಗ್ಗೆ ಏಳುತ್ತೇನೆ, ಗೋಡೆ ನೋಡುತ್ತೇನೆ, ಮಧ್ಯಾಹ್ನವಾಗುತ್ತದೆ.

ಏಪ್ರಿಲ್ 11, ಬುಧವಾರ

ಇವತ್ತು ಗುರುತುಗಳನ್ನು ಕಲಿತೆ. ಇಂಟಿಗ್ರಲ್ ಎಂದರೆ ಉದ್ದನೆಯ ಕೊಕ್ಕೆ. ಮೊದಲು ಅವಳು ‘ಇಂಟಿಗ್ರಲ್’ ಎಂದಾಗ ನಾನು ಆ ಪದವನ್ನೇ ಇಂಗ್ಲಿಷಿನಲ್ಲಿ ಬರೆದೆ, ತಪ್ಪು ಸ್ಪೆಲಿಂಗಿನಲ್ಲಿ. ಶ್ವೇತಕ್ಕ ನಕ್ಕಳು. ಆಮೇಲೆ ತನ್ನ ಎಡಗೈಯಿಂದ ಒಂದು ಕೊಕ್ಕೆ ಬರೆದು ತೋರಿಸಿದಳು, ಅದು ಎರೆಹುಳದ ಹಾಗೆ ಬಂತು.

ಅವಳ ಓದು ಹೇಗೆಂದರೆ, ಹತ್ತು ವರ್ಷದ ಪ್ರಶ್ನೆಪತ್ರಿಕೆಗಳು, ಅವುಗಳ ಉತ್ತರಗಳು, ಎಲ್ಲ ಬಾಯಿಪಾಠ. ಕಣ್ಣು ಮುಚ್ಚಿ ಶುರು ಮಾಡಿದರೆ ಪುರೋಹಿತರಿಗಿಂತ ಜೋರು. ನಡುವೆ ಏನಾದರೂ ಕೇಳಿದರೆ ಮತ್ತೆ ಮೊದಲಿನಿಂದ ಹೇಳಬೇಕು. ಆದ್ದರಿಂದ ನಾನು ಕೇಳುವುದಿಲ್ಲ.

ಏಪ್ರಿಲ್ 15, ಭಾನುವಾರ

ಅವ್ವ ನನ್ನನ್ನು ಶಿವಾಜಿನಗರದ ದರ್ಗಾಕ್ಕೆ ಕರೆದುಕೊಂಡು ಹೋಗಿ ನವಿಲುಗರಿಯಲ್ಲಿ ತಲೆ ಸವರಿಸಿದಳು. ನಾನು ಅಳಲಿಲ್ಲ ಎಂಬುದೇ ಅವಳ ಚಿಂತೆ. ಅಣ್ಣನನ್ನು ಊರಿಗೆ ಒಯ್ದಾಗಲೂ ಅಳಲಿಲ್ಲ. ಚಿಕ್ಕಮ್ಮಂದಿರು ತೋಳು ಚಿವುಟಿದರು, ಚಿವುಟಿದ ಕಡೆ ನೋವಾಯಿತು, ಅಷ್ಟೇ. ಅಳದೆ ಇದ್ದರೆ ದುಃಖ ಎದೆಗೆ ಕಟ್ಟಿಕೊಳ್ಳುತ್ತದಂತೆ. ಕಟ್ಟಿಕೊಂಡಿದ್ದರೆ ಗೊತ್ತಾಗಬೇಕಿತ್ತಲ್ಲ. ನನ್ನ ಎದೆಯಲ್ಲಿ ಏನೂ ಇಲ್ಲ.

ಬಸ್ಸಿನಲ್ಲಿ ಬರುವಾಗ ಅವ್ವ ಅತ್ತಳು. ನಾನು ಟಿಕೆಟ್ ಹಿಡಿದುಕೊಂಡಿದ್ದೆ.

ಏಪ್ರಿಲ್ 18, ಬುಧವಾರ

ಶ್ವೇತಕ್ಕನನ್ನು ಟ್ಯೂಷನ್ನಿಗೆ ಸೇರಿಸಿದ್ದಾರೆ. ಜೋಗುಪಾಳ್ಯದಲ್ಲಿ, ಬೇಕರಿಯ ಮೇಲಿನ ರೂಮು. ಮೇಷ್ಟ್ರು ಅನೀಸ್ ಸರ್, ಕಾಲೇಜಿನಿಂದ ರಿಟೈರ್ ಆದವರು. ನೋಟ್ಸ್ ಬರೆಯಲು ನಾನೂ ಹೋಗಬೇಕು. ನಾನು ಯಾರೆಂದು ತಿಳಿದ ಕೂಡಲೇ ಅವರು, “ಏ ಲಡ್ಕಿ, ನೀನು ಕಿವಿ ಮುಚ್ಕೊಂಡು ಬರಿ ಮಾ. ನಿಂಗೆ ಲೆಕ್ಕ ಬಂದ್ಬಿಟ್ರೆ ಇವಳ ಪರ್ಮಿಷನ್ ಹೋಗ್ಬಿಡ್ತದೆ” ಎಂದರು. ಕಿವಿ ಮುಚ್ಚಿಕೊಂಡರೆ ಯಾವ ಕೈಯಲ್ಲಿ ಬರೆಯುವುದು ಎಂದು ಕೇಳಬೇಕೆನ್ನಿಸಿತು.

ಮನೆಗೆ ಬಂದು ಅಭ್ಯಾಸ ಮಾಡುವಾಗ ಶ್ವೇತಕ್ಕ ಒಂದು ಸಾಲು ಹೇಳಿದಳು. ನನ್ನ ಪೆನ್ನು ನಿಂತುಬಿಟ್ಟಿತು. ಹಿಂದಿನ ಸಾಲಿನಲ್ಲಿ ಮೈನಸ್ ಇತ್ತು, ಈ ಸಾಲಿನಲ್ಲಿ ಇಲ್ಲ. ಎಲ್ಲಿಗೆ ಹೋಯಿತು? ಕಾಲರಿನಲ್ಲಿ ಒಂದು ಹೊಲಿಗೆ ಬಿಟ್ಟಿದ್ದರೆ ಕೈ ತಾನಾಗಿ ನಿಲ್ಲುವಂತೆ ನಿಂತಿತು. ಅವಳು ಕಣ್ಣು ಬಿಟ್ಟು ನೋಡಿ, “ಅಯ್ಯೋ, ಮೈನಸ್” ಎಂದಳು. ಬರೆದೆ.

ಏಪ್ರಿಲ್ 24, ಮಂಗಳವಾರ

ಅನೀಸ್ ಸರ್ ಇವತ್ತು ಕಲ್ಲಿನ ಲೆಕ್ಕ ಹೇಳಿದರು. ಎತ್ತರದಿಂದ ಕೈಬಿಟ್ಟ ಕಲ್ಲು ಮೊದಲ ಸೆಕೆಂಡಿನಲ್ಲಿ ಹದಿನಾರು ಅಡಿ ಬೀಳುತ್ತದೆ. ಎರಡು ಸೆಕೆಂಡಿಗೆ ಮೂವತ್ತೆರಡಲ್ಲ, ಅರವತ್ತನಾಲ್ಕು. ಬೀಳುತ್ತಾ ಬೀಳುತ್ತಾ ಅದರ ವೇಗ ಹೆಚ್ಚುತ್ತದೆ. ಯಾವ ಗಳಿಗೆಯಲ್ಲಿ ಎಷ್ಟು ವೇಗ ಎಂದು ಕಂಡುಹಿಡಿಯುವುದೇ ಡಿಫರೆನ್ಸಿಯೇಷನ್ನಂತೆ. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಸಿಟ್ಟು ಬಂತು. ಹದಿನೈದು ದಿನದಿಂದ ಡಿವೈ ಬೈ ಡಿಎಕ್ಸ್ ಎಂದು ಬರೆದು ಬರೆದು ಸತ್ತೆ, ಅದು ಬೀಳುವ ಕಲ್ಲು ಎಂದು ಒಬ್ಬರೂ ಹೇಳಲಿಲ್ಲ.

ಶ್ವೇತಕ್ಕ ಈ ಲೆಕ್ಕ ಪರೀಕ್ಷೆಗೆ ಬರುತ್ತದಾ ಎಂದು ಕೇಳಿದಳು. ಬರುವುದಿಲ್ಲ, ಅರ್ಥವಾಗಲಿ ಎಂದು ಹೇಳಿದೆ ಎಂದರು. ಅವಳು ಬರೆದುಕೊಳ್ಳಬೇಡ ಎಂದಳು. ನಾನು ಅಂಗೈ ಮೇಲೆ ಬರೆದುಕೊಂಡೆ.

ಏಪ್ರಿಲ್ 25, ಬುಧವಾರ

ಅಪ್ಪನಿಗೆ ಇವತ್ತು ಕೆಲಸವಿರಲಿಲ್ಲ. ಮಧ್ಯಾಹ್ನ ಬಾಗಿಲಲ್ಲಿ ಕುಳಿತು ಜೋಳದ ರೊಟ್ಟಿ ಮುರಿಯುತ್ತಿದ್ದರು, ತಿನ್ನುತ್ತಿರಲಿಲ್ಲ. ಅಣ್ಣ ನಿಂತಿದ್ದ ಜಾಗ ಎಷ್ಟು ಎತ್ತರ ಎಂದು ಕೇಳಿದೆ. ಮನೆಯಲ್ಲಿ ಯಾರೂ ಎತ್ತದ ಮಾತು ಅದು. ಅಪ್ಪ ಬೆಚ್ಚಲಿಲ್ಲ. ಗಾರೆಯವರು, ಎತ್ತರ ಕೇಳಿದರೆ ಎತ್ತರ ಹೇಳುತ್ತಾರೆ. ಆರನೇ ಸ್ಲ್ಯಾಬು, ಒಂದೊಂದು ಹತ್ತೂವರೆ ಅಡಿ, ಬುಡದಲ್ಲಿ ಒಂದಡಿ ಎಂದರು. ಕೂಡಿದೆ. ಅರವತ್ತನಾಲ್ಕು.

ಎರಡು ಸೆಕೆಂಡು ಅಪ್ಪಾ ಎಂದೆ.

ಏನು ಎರಡು ಎಂದು ಕೇಳಿದರು. ಅಣ್ಣ ಕೆಳಗೆ ಬರಲು ಹಿಡಿದ ಹೊತ್ತು ಎಂದೆ. ಅಪ್ಪ ರೊಟ್ಟಿ ಕೆಳಗಿಟ್ಟರು. ಒಂದು, ಎರಡು ಎಂದು ತುಟಿಯಲ್ಲೇ ಎಣಿಸಿದರು. ಮತ್ತೊಮ್ಮೆ ಎಣಿಸಿದರು.

“ಬರೇ ಎರಡ? ಅಷ್ಟ್ರಾಗ ಏನೂ ತಿಳದಿರಂಗಿಲ್ಲ ಬಿಡವ್ವ. ಹೆಸರು ಹಿಡದು ಕೂಗಾಕೂ ಆಗಂಗಿಲ್ಲ.”

ಆಮೇಲೆ ರೊಟ್ಟಿ ತಿಂದರು. ಇನ್ನೊಂದು ಕೇಳಿ ಹಾಕಿಸಿಕೊಂಡರು. ಲೆಕ್ಕ ಸರಿ ಇದೆಯೋ ಇಲ್ಲವೋ ಎಂದು ನಾನು ಆಮೇಲೆ ಒಳಗೆ ಹೋಗಿ ಇನ್ನೊಮ್ಮೆ ಮಾಡಿದೆ. ಸರಿ ಇದೆ.

ಮೇ 3, ಗುರುವಾರ

ಒಂದು ವಾರದಿಂದ ಡೈರಿ ಬರೆದಿಲ್ಲ. ಶ್ವೇತಕ್ಕನ ಹಳೆಯ ಪುಸ್ತಕದಲ್ಲಿ ಅಧ್ಯಾಯದ ಕೊನೆಯ ಲೆಕ್ಕಗಳಿದ್ದವು, ಅವುಗಳನ್ನು ಮಾಡುತ್ತಿದ್ದೆ. ಸುಮ್ಮನೆ, ಕೈ ವೇಗಕ್ಕೆ. ನಾಲ್ಕನೇ ಅಧ್ಯಾಯದ ಹದಿನೇಳನೆಯ ಲೆಕ್ಕಕ್ಕೆ ಪುಸ್ತಕದ ಹಿಂದೆ ಕೊಟ್ಟಿರುವ ಉತ್ತರವೇ ತಪ್ಪು. ಮೂರು ಸಲ ನೋಡಿದೆ. ಅಚ್ಚು ಹಾಕಿದವನಿಗೂ ಒಬ್ಬ ಚೆಕ್ಕರ್ ಬೇಕಿತ್ತು.

ಇವತ್ತು ಅನೀಸ್ ಸರ್ ಮಾದರಿ ಪರೀಕ್ಷೆ ಇಟ್ಟಿದ್ದರು. ಶ್ವೇತಕ್ಕ ಹೇಳಿದಳು, ನಾನು ಬರೆದೆ, ಅವರು ಕಿಟಕಿಯ ಬಳಿ ಕುಳಿತು ನೋಡಿದರು. ನೂರಕ್ಕೆ ಐವತ್ತೆರಡು. ಮೂವತ್ತೈದಕ್ಕೆ ಪಾಸು. ಶ್ವೇತಕ್ಕ ಖುಷಿಯಲ್ಲಿ ಕೆಳಗಿನ ಬೇಕರಿಯಿಂದ ಮೂರು ದಿಲ್‌ಪಸಂದ್ ತರಲು ಹೊರಟಳು. ಅವರು ತಡೆದು ಕೂರಿಸಿದರು.

“ಇವಳ ಕಲಮ್ ಎಲ್ಲಿ ನಿಲ್ತದೋ ಅಲ್ಲಿ ನೀನು ತಿದ್ಕೋತೀಯ. ಹನ್ನೊಂದು ಸಲ ನಿಂತಿತು, ಹನ್ನೊಂದು ಸಲ ತಿದ್ಕೊಂಡೆ. ಬಾಯಲ್ಲಿ ಹೇಳಿದ್ರೂ ಕಾಪಿ, ಕಲಮ್ ನಿಲ್ಲಿಸಿದ್ರೂ ಕಾಪಿ ಬೇಟಾ.”

ನಾವಿಬ್ಬರೂ ಹಾಗೇನಿಲ್ಲ ಸರ್ ಎಂದೆವು. ಇಬ್ಬರೂ ಒಟ್ಟಿಗೆ ಹೇಳಿದ್ದರಿಂದ ಅದು ಸುಳ್ಳಿನಂತೆ ಕೇಳಿಸಿತು. ನಿಲ್ಲಿಸಬೇಕೆಂದು ನಾನು ನಿಲ್ಲಿಸುವುದಿಲ್ಲ. ಕಣ್ಣು ಕುಕ್ಕುತ್ತದೆ, ಕೈ ನಿಲ್ಲುತ್ತದೆ.

ಬಸ್ಸು ಟಿನ್ ಫ್ಯಾಕ್ಟರಿ ದಾಟುವಾಗ ಶ್ವೇತಕ್ಕ ಉತ್ತರಪತ್ರಿಕೆಯನ್ನು ಬ್ಯಾಗಿಗೆ ತುರುಕಿದಳು. ಆಮೇಲೆ, ಪರೀಕ್ಷೆಯಲ್ಲಿ ಅಷ್ಟೆಲ್ಲ ಯಾರೂ ನೋಡುವುದಿಲ್ಲ ಎಂದಳು.

ಮೇ 8, ಮಂಗಳವಾರ

ಒಂದು ಆಕೃತಿಯನ್ನು ತಿರುಗಿಸಿದರೆ ಎಷ್ಟು ಗಾತ್ರ ಎಂಬ ಲೆಕ್ಕ. ಉದ್ದನೆಯ ವೃತ್ತವನ್ನು ಅಡ್ಡಗೆರೆಯ ಸುತ್ತ ತಿರುಗಿಸಿದರೆ ಮೊಟ್ಟೆಯ ಹಾಗಾಗುತ್ತದೆ. ಅದನ್ನೇ ನೆಟ್ಟಗಿನ ಗೆರೆಯ ಸುತ್ತ ತಿರುಗಿಸಿದರೆ ಬನ್ನಿನ ಹಾಗೆ. ಬನ್ನೇ ದೊಡ್ಡದು. ಶ್ವೇತಕ್ಕನಿಗೆ ಮೊಟ್ಟೆಯದು ಮಾತ್ರ ಬಾಯಿಪಾಠವಿದೆ, ಹತ್ತು ವರ್ಷದಲ್ಲಿ ಬನ್ನು ಒಮ್ಮೆಯೂ ಬಂದಿಲ್ಲ ಎನ್ನುತ್ತಾಳೆ.

ಗಾರ್ಮೆಂಟ್ಸಿನಿಂದ ಮತ್ತೆ ಹೇಳಿಕಳಿಸಿದ್ದರು. ಪರೀಕ್ಷೆ ಮುಗಿಯಲಿ ಎಂದೆ. ಯಾರ ಪರೀಕ್ಷೆ ಎಂದು ಅವ್ವ ಕೇಳಿದಳು.

ಮೇ 14, ಸೋಮವಾರ

ಮುಗಿಯಿತು. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಸೆಂಟರು ಇಂದಿರಾನಗರದ ಒಂದು ಕಾಲೇಜು. ಆಟೋ ಹಂಡ್ರೆಡ್ ಫೀಟ್ ರಸ್ತೆಯಲ್ಲೇ ಹೋಯಿತು. ಅಣ್ಣನ ಬಿಲ್ಡಿಂಗ್ ಎಂಟು ಅಂತಸ್ತಾಗಿದೆ. ಗಾಜು ಕೂರಿಸುತ್ತಿದ್ದರು. ಶ್ವೇತಕ್ಕ ಕಣ್ಣು ಮುಚ್ಚಿಕೊಂಡು ಲಗ್ರಾಂಜನ ಪ್ರಮೇಯ ಹೇಳಿಕೊಳ್ಳುತ್ತಿದ್ದಳು, ಅವಳಿಗೆ ಗೊತ್ತಾಗಲಿಲ್ಲ.

ನಮ್ಮಿಬ್ಬರಿಗೆ ಬೇರೆ ಕೋಣೆ ಕೊಟ್ಟಿದ್ದರು, ಲ್ಯಾಬಿನ ಪಕ್ಕದ್ದು. ಒಬ್ಬರು ಮೇಲ್ವಿಚಾರಕರು, ಕನ್ನಡಕದವರು. ಮೊದಲು ನನ್ನ ಕೈಗೆ ಒಂದು ಕಾಗದ ಕೊಟ್ಟರು. ಈ ವಿಷಯದಲ್ಲಿ ನನಗೆ ಯಾವ ಜ್ಞಾನವೂ ಇಲ್ಲ, ಅಭ್ಯರ್ಥಿ ಹೇಳಿದಷ್ಟನ್ನೇ ಬರೆಯುತ್ತೇನೆ ಎಂದು ಅಚ್ಚಾಗಿತ್ತು. ಸಹಿ ಹಾಕಿದೆ. ಹೆಸರಿನ ಕೊನೆಗೆ ಶಾಯಿ ಮೆತ್ತಿತು. ಪೆನ್ನು ಹೊಸದು.

ಮೊದಲ ಮೂರು ಪ್ರಶ್ನೆ ಸರಾಗವಾಗಿ ಹೋದವು. ನಾಲ್ಕನೆಯದರಲ್ಲಿ ಅವಳು ಎರಡರ ಬದಲು ಮೂರು ಎಂದಳು. ಪೆನ್ನು ನಿಂತಿತು. ಅವಳು ನನ್ನ ಕೈ ನೋಡಿದಳು, ಪ್ರಶ್ನೆ ನೋಡಿದಳು, ಎರಡು ಎಂದಳು. ಕನ್ನಡಕದವರು ಕುರ್ಚಿಯಿಂದ ಎದ್ದರು.

“ಯಾಕಮ್ಮ ನಿಲ್ಲಿಸ್ದೆ? ಅವರು ಹೇಳಿದ್ದು ಬರಿ, ಅಷ್ಟೆ. ಇನ್ನೊಂದ್ ಸಲ ನಿಂತ್ರೆ ಪೇಪರ್ ಕಿತ್ಕೋತೀನಿ.”

ಅವರು ಕೂಗಾಡಲಿಲ್ಲ. ನನ್ನ ಬೆನ್ನ ಹಿಂದೆ ಬಂದು ನಿಂತರು. ಅಲ್ಲಿಂದ ಕೊನೆಯ ತನಕ ಕದಲಲಿಲ್ಲ. ಅವರ ಉಸಿರು ನನ್ನ ನೆತ್ತಿಗೆ ತಾಗುತ್ತಿತ್ತು.

ಏಳನೆಯ ಪ್ರಶ್ನೆ ಬನ್ನು. ನೆಟ್ಟಗಿನ ಗೆರೆಯ ಸುತ್ತ ತಿರುಗಿಸಿ ಎಂದು ಸ್ಪಷ್ಟವಾಗಿ ಇತ್ತು. ಶ್ವೇತಕ್ಕ ಅರ್ಧ ಓದಿ ಕಣ್ಣು ಮುಚ್ಚಿದಳು. ಮೊಟ್ಟೆಯ ಉತ್ತರ ಶುರುವಾಯಿತು. ಮೊದಲ ಸಾಲಿಗೇ ನನಗೆ ಗೊತ್ತಾಯಿತು. ಬರೆದೆ. ಎರಡನೆಯ ಸಾಲು ಬರೆದೆ. ಒಂದೂವರೆ ಪುಟ, ಒಂದು ಕಡೆಯೂ ನಿಲ್ಲದೆ, ದುಂಡಗಿನ ಅಕ್ಷರದಲ್ಲಿ ಬರೆದೆ. ಅವಳು ನಡುವೆ ಒಮ್ಮೆ ಕಣ್ಣು ಬಿಟ್ಟು ನನ್ನ ಕೈ ನೋಡಿದಳು. ಕೈ ಓಡುತ್ತಿತ್ತು. ಅವಳ ಮುಖ ಅರಳಿತು, ಮತ್ತೆ ಕಣ್ಣು ಮುಚ್ಚಿಕೊಂಡಳು. ಒಂಬತ್ತನೆಯ ಪ್ರಶ್ನೆಯಲ್ಲಿ ಒಂದು ಲೆಕ್ಕದಿಂದ ಇನ್ನೊಂದು ಲೆಕ್ಕಕ್ಕೆ ಜಾರಿದಳು. ಅದನ್ನೂ ಬರೆದೆ.

ಹೊರಗೆ ಬಂದಾಗ ಗೇಟಿನ ಹತ್ತಿರ ಅವಳು ಎಡಗೈಯಿಂದ ನನ್ನ ಕುತ್ತಿಗೆ ತಬ್ಬಿಕೊಂಡಳು.

“ಆಮೇಲೆ ನೀನು ಒಂದ್ ಸಲಾನೂ ನಿಲ್ಲಿಸ್ಲಿಲ್ಲ ಅಲ್ವಾ? ಅಂದ್ರೆ ಎಲ್ಲಾ ಸರಿ. ಪಾಸಾಗ್ಬಿಟ್ಟೆ ಗಂಗಾ.”

ನಾನು ಆಟೋ ನಿಲ್ಲಿಸಿದೆ.

ಮೇ 15, ಮಂಗಳವಾರ

ಪ್ರಶ್ನೆಪತ್ರಿಕೆ ನನ್ನ ಹತ್ತಿರವೇ ಉಳಿದಿದೆ. ಬೆಳಿಗ್ಗೆ ಅವ್ವ ಕೆಲಸಕ್ಕೆ ಹೋದ ಮೇಲೆ ಏಳನೆಯ ಲೆಕ್ಕ ಮಾಡಿದೆ. ಬಂತು. ಒಂಬತ್ತನೆಯದನ್ನೂ ಮಾಡಿದೆ. ಅದಕ್ಕೆ ಎರಡು ಪುಟ ಹಿಡಿಯಿತು, ನಡುವೆ ಒಂದು ಕಡೆ ಸಿಕ್ಕಿಕೊಂಡು ಬಿಡಿಸಿಕೊಂಡೆ. ಬಿಡಿಸಿದಾಗ ಸಂತೋಷವಾಯಿತು. ಆಮೇಲೆ ಸಂತೋಷವಾಯಿತಲ್ಲ ಎಂದು ನಾಚಿಕೆಯಾಯಿತು.

ನಿನ್ನೆ ಅವಳು ಹೇಳಿ ನಾನು ಬರೆದದ್ದೆಲ್ಲ ನೆನಪಿದೆ. ಅನೀಸ್ ಸರ್ ಮಾರ್ಕು ಹಾಕುವ ರೀತಿಯಲ್ಲೇ, ಸ್ವಲ್ಪ ಧಾರಾಳವಾಗಿಯೇ ಹಾಕಿದೆ. ಇಪ್ಪತ್ತೊಂಬತ್ತು ಬಂತು. ಇನ್ನೂ ಧಾರಾಳ ಮಾಡಿ ಮೂವತ್ತೊಂದಕ್ಕೆ ತಂದೆ. ಅದಕ್ಕಿಂತ ಮೇಲೆ ಹೋಗುತ್ತಿಲ್ಲ. ಏಳನೆಯದು ಸರಿಯಾಗಿದ್ದರೆ ಪಾಸು.

ಫಲಿತಾಂಶ ಬರುವುದು ಜುಲೈನಲ್ಲಿ. ಅಲ್ಲಿಯ ತನಕ ಇದು ನನಗೊಬ್ಬಳಿಗೇ ಗೊತ್ತು. ನಿಲ್ಲಿಸಬಹುದಿತ್ತು. ಕೆಮ್ಮಬಹುದಿತ್ತು. ಪೆನ್ನು ಕೆಳಗೆ ಬೀಳಿಸಬಹುದಿತ್ತು. ಹೇಳಿದಷ್ಟೇ ಬರೆಯುತ್ತೇನೆ ಎಂದು ಸಹಿ ಹಾಕಿದ್ದೆ, ಹೇಳಿದಷ್ಟೇ ಬರೆದೆ, ಅದರಲ್ಲಿ ತಪ್ಪೇನಿಲ್ಲ. ಅದೇ ಕಾಗದದಲ್ಲಿ ನನಗೇನೂ ಗೊತ್ತಿಲ್ಲ ಎಂದೂ ಸಹಿ ಹಾಕಿದ್ದೆ. ಮಧ್ಯಾಹ್ನ ಊಟ ಸೇರಲಿಲ್ಲ.

ಮೇ 17, ಗುರುವಾರ

ಶ್ವೇತಕ್ಕನ ಅವ್ವ ಪಟಾಲಮ್ಮನವರು ಇವತ್ತು ಒಬ್ಬಟ್ಟು ಮಾಡಿ ಒಂಬತ್ತು ರೂಮಿನವರನ್ನೂ ಕರೆದಿದ್ದರು. ಫಲಿತಾಂಶ ಬಂದಿಲ್ಲ, ಆದರೆ ಮಗಳೇ ಪಾಸು ಎಂದ ಮೇಲೆ ಇನ್ನೇನು. ನನಗೆ ಹಜಾರದಲ್ಲಿ ಚಾಪೆ ಹಾಕಿ ಮೊದಲ ಒಬ್ಬಟ್ಟು ಬಡಿಸಿದರು, ಮೇಲೆ ತುಪ್ಪ. ಬರೆದ ಕೈ ಇದು ಎಂದು ನನ್ನ ಬಲಗೈ ಹಿಡಿದು ಕಣ್ಣಿಗೊತ್ತಿಕೊಂಡರು. ಶ್ರೀನಿವಾಸ್ ಕೂಡ ಬಂದಿದ್ದರು. ಟೀಚರಮ್ಮನ ಮುಂದೆ ನಾವು ಕೈಕಟ್ಟಿ ನಿಲ್ಲಬೇಕು ಇನ್ನು ಎಂದು ನಗಿಸಿದರು. ರಾಮಾಂಜಿನಪ್ಪನವರು ಸೋಮವಾರ ತಾವೇ ಹೋಗಿ ಬಿ.ಎಡ್. ಅರ್ಜಿ ತರುತ್ತೇನೆ ಎಂದರು. ಅವರು ಮಾತಿಗೆ ತಪ್ಪುವವರಲ್ಲ. ಪಾಸಾಗದಿದ್ದರೂ ತಪ್ಪುವವರಲ್ಲ.

ಒಬ್ಬಟ್ಟು ಬಾಯಿಗಿಟ್ಟುಕೊಂಡೆ. ನುಂಗಲಾಗಲಿಲ್ಲ. ಗಂಟಲಿನಿಂದ ಒಂದು ಸದ್ದು ಬಂತು. ನನ್ನದೇ ಎಂದು ಗೊತ್ತಾಗುವಷ್ಟರಲ್ಲಿ ಇನ್ನೊಂದು ಬಂತು. ಆಮೇಲೆ ನಿಲ್ಲಿಸಲಾಗಲಿಲ್ಲ. ಎಲ್ಲರ ಮುಂದೆ, ತುಪ್ಪದ ತಟ್ಟೆಯ ಮೇಲೆ ಬಗ್ಗಿ ಅತ್ತೆ. ಶ್ವೇತಕ್ಕನಿಗಾಗಿಯೇ ಶುರುವಾದದ್ದು. ನಡುವೆ ಎಲ್ಲೋ ಅಣ್ಣ ಬಂದ. ಆರನೇ ಸ್ಲ್ಯಾಬು, ಎರಡು ಸೆಕೆಂಡು, ಅವನ ಹೆಸರು, ಅವನು ನನ್ನನ್ನು ಗಂಗವ್ವ ಎಂದು ಕರೆಯುತ್ತಿದ್ದುದು, ಎಲ್ಲ ಒಟ್ಟಿಗೆ ಬಂತು.

ಶ್ರೀನಿವಾಸ್ ನೀರು ತರಲು ಎದ್ದರು. ಪಟಾಲಮ್ಮನವರು ತಡೆದರು. “ಅಳ್ಲಿ ಬಿಡಿ, ಯಾರೂ ತಡೀಬೇಡಿ. ಮೂರು ತಿಂಗ್ಳಿಂದ ಕಟ್ಕೊಂಡಿತ್ತು” ಎಂದರು. ಯಾರೋ ಓಡಿಹೋಗಿ ಅವ್ವನನ್ನು ಕರೆತಂದರು. ಅವ್ವ ನನ್ನ ತಲೆಯನ್ನು ಮಡಿಲಿಗೆ ಎಳೆದುಕೊಂಡು ತಾನೂ ಅತ್ತಳು. ಅಷ್ಟು ಸಮಾಧಾನದಿಂದ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ. ಹೆಂಗಸರೆಲ್ಲ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಗಂಡಸರು ಮೆಲ್ಲನೆ ಒಳಗಿನ ಕೋಣೆಗೆ ಹೋದರು.

ಶ್ವೇತಕ್ಕ ಮಾತ್ರ ಅಳಲಿಲ್ಲ, ಹತ್ತಿರವೂ ಬರಲಿಲ್ಲ. ಎಡಗೈಯಲ್ಲಿ ತಟ್ಟೆ ಹಿಡಿದು ಕಂಬದ ಪಕ್ಕ ನಿಂತು ನನ್ನನ್ನೇ ನೋಡುತ್ತಿದ್ದಳು. ಅವ್ವ ಮುಖ ತೊಳೆಯಲು ಎದ್ದು ಹೋದ ಮೇಲೆ ಬಂದು ನನ್ನೆದುರು ಕುಕ್ಕರುಗಾಲಲ್ಲಿ ಕುಳಿತಳು. ಅವಳ ದನಿ ನನಗೊಬ್ಬಳಿಗೇ ಕೇಳುವಷ್ಟಿತ್ತು.

“ಯಾವ ಕ್ವಶ್ಚನ್ನು?”

ಏಳು ಎಂದೆ. ಒಂಬತ್ತು ಕೂಡ ಎಂದೆ.

ಅವಳು ತಟ್ಟೆ ಕೆಳಗಿಟ್ಟಳು. ಒಳಗೆ ಅವರಪ್ಪ, ಸೋಮವಾರ ಎಷ್ಟು ಗಂಟೆಗೆ ಹೊರಟರೆ ಕ್ಯೂನಲ್ಲಿ ಮೊದಲು ನಿಲ್ಲಬಹುದು ಎಂದು ಶ್ರೀನಿವಾಸರನ್ನು ಕೇಳುತ್ತಿದ್ದರು.